ಎತ್ತರ, ಟಾರ್ಕ್ ಮತ್ತು ರೋಲರ್ ತೂಕ: ವಡಾಲದ ಸ್ಕೂಟರ್ ಹಾಗೂ ಟರ್ಬೊ ಹಿಮವಾಹನಗಳ ಬೆಲ್ಟ್ ಚಾಲನೆಯನ್ನು ಕುರಿತ ಟಿಪ್ಪಣಿ

1. ವ್ಯಾಪ್ತಿ

ಬೆಲ್ಟ್ ಮತ್ತು ವೇರಿಯೇಟರ್‌ನಿಂದ ಓಡುವ ವಾಹನವನ್ನು ಸಮುದ್ರಮಟ್ಟದಿಂದ ಎತ್ತರದ ಊರಿಗೆ ಒಯ್ದರೆ ಅದರ ರೋಲರ್ ತೂಕವನ್ನು ಎಷ್ಟು ಇಳಿಸಬೇಕು ಎಂಬ ಒಂದು ಪ್ರಶ್ನೆಗೆ ಈ ಟಿಪ್ಪಣಿ ಸೀಮಿತವಾಗಿದೆ. ಇದಕ್ಕಾಗಿ ಎರಡು ಸಂದರ್ಭಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಲಾಗಿದೆ. ಒಂದು, ಮುಂಬೈಯ ವಡಾಲದಲ್ಲಿ ಬಳಕೆಯಲ್ಲಿದ್ದು ಮಡಿಕೇರಿಯಂಥ ಮಲೆನಾಡಿನ ಊರಿಗೆ ಹೋಗುವ ಗೇರ್‌ರಹಿತ ಸ್ಕೂಟರ್. ಇನ್ನೊಂದು, ಪರ್ವತಗಳ ಆಳವಾದ ಪುಡಿಹಿಮದಲ್ಲಿ ಓಡುವ ಟರ್ಬೊ ಹಿಮವಾಹನ, ಅಂದರೆ ಸ್ನೋಮೊಬೈಲ್.

ವಡಾಲವನ್ನು ಆಧಾರಸ್ಥಳವಾಗಿ ಹಿಡಿಯಲು ಎರಡು ಕಾರಣಗಳಿವೆ. ಅದು ಸಮುದ್ರಮಟ್ಟಕ್ಕಿಂತ ಕೆಲವೇ ಮೀಟರ್ ಎತ್ತರದಲ್ಲಿರುವುದರಿಂದ ಎತ್ತರದ ಲೆಕ್ಕದಲ್ಲಿ ಅದನ್ನು ಸೊನ್ನೆಯೆಂದು ಹಿಡಿದರೆ ತಪ್ಪಾಗದು. ಮುಂಬೈ ಪೂರ್ವ ವಿಭಾಗದ, ಎಂಎಚ್ 03 ಸಂಕೇತದ ಪ್ರಾದೇಶಿಕ ಸಾರಿಗೆ ಕಚೇರಿ ಇಲ್ಲಿನ ಟ್ರಕ್ ಟರ್ಮಿನಲ್ ಬಳಿ ಇರುವುದರಿಂದ, ಈ ಭಾಗದ ಕನ್ನಡ ಕುಟುಂಬಗಳು ವರ್ಗಾವಣೆಯಲ್ಲೋ ನಿವೃತ್ತಿಯ ನಂತರವೋ ಊರಿಗೆ ಸಾಗಿಸುವ ಸ್ಕೂಟರುಗಳ ಕಾಗದಪತ್ರ ಈ ಕಚೇರಿಯಿಂದಲೇ ಹೊರಡುವುದುಂಟು.

ಇಲ್ಲಿನ ಅಂಕಿಗಳು ಲೆಕ್ಕದಿಂದ ಬಂದವು. ರಸ್ತೆಯ ಮೇಲೆ ಅಳೆದವಲ್ಲ. ಊಹೆಯಾಗಿ ಹಿಡಿದ ಅಂಕಿಯನ್ನು ಆಯಾ ಸ್ಥಳದಲ್ಲೇ ಊಹೆಯೆಂದು ಗುರುತಿಸಲಾಗಿದೆ.

2. ಕಾಲಾನುಕ್ರಮ

2.1. ರಬ್ಬರ್ ಬೆಲ್ಟಿನ ನಿರಂತರ ಅನುಪಾತದ ಚಾಲನೆಯನ್ನು ಕಾರಿನಲ್ಲಿ ಜನಪ್ರಿಯಗೊಳಿಸಿದ್ದು ನೆದರ್‌ಲೆಂಡ್ಸಿನ ಡಾಫ್ ಕಂಪನಿಯ ವೇರಿಯೋಮ್ಯಾಟಿಕ್. ಇದಕ್ಕೆ 1958 ಮತ್ತು 1959 ಎಂಬ ಎರಡು ವರ್ಷಗಳು ಕಾಣಿಸುತ್ತವೆ. ಮೊದಲನೆಯದು ಡಾಫ್ 600 ಕಾರನ್ನು ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ತೋರಿಸಿದ ವರ್ಷ, ಎರಡನೆಯದು ತಯಾರಿಕೆ ಆರಂಭವಾದ ವರ್ಷ. ಆದ್ದರಿಂದ ಇವುಗಳ ನಡುವೆ ನಿಜವಾದ ವಿರೋಧವಿಲ್ಲ.

2.2. ಭಾರತದಲ್ಲಿ ಈ ಚಾಲನೆ ಮನೆಮಾತಾದದ್ದು 98 ಸಿಸಿಯ ಕೈನೆಟಿಕ್ ಹೋಂಡಾ ಸ್ಕೂಟರಿನಿಂದ. ಕೈನೆಟಿಕ್ ಎಂಜಿನಿಯರಿಂಗ್ ಮತ್ತು ಹೋಂಡಾ ಕಂಪನಿಗಳ ಜಂಟಿ ಉದ್ಯಮದ ವರ್ಷ 1984. ಹೋಂಡಾ ಅದರಿಂದ ಹೊರಬಂದದ್ದು 1998ರಲ್ಲಿ. 1984ನ್ನೇ ಸ್ಕೂಟರ್ ರಸ್ತೆಗಿಳಿದ ವರ್ಷವೆಂದು ಬರೆಯುವ ರೂಢಿಯಿದೆ. ಒಪ್ಪಂದದ ವರ್ಷವನ್ನೂ ಮಾರಾಟದ ವರ್ಷವನ್ನೂ ಬೇರೆಬೇರೆಯಾಗಿ ದಾಖಲಿಸುವುದು ಹೆಚ್ಚು ಸುರಕ್ಷಿತ.

2.3. ಹೋಂಡಾ ಸ್ವತಂತ್ರವಾಗಿ 1999ರಲ್ಲಿ ಭಾರತದಲ್ಲಿ ಕಂಪನಿ ಸ್ಥಾಪಿಸಿತು. ಅದರ 102 ಸಿಸಿಯ ಆ್ಯಕ್ಟಿವಾಕ್ಕೆ 2001 ಎಂಬ ವರ್ಷ ಸಾಮಾನ್ಯವಾಗಿ ಸಲ್ಲುತ್ತದೆ. 2000 ಎಂಬ ಉಲ್ಲೇಖವೂ ಇದೆ. 2009ರಲ್ಲಿ ಎಂಜಿನ್ 109 ಸಿಸಿಗೆ ಏರಿತು. 2020ರ ಏಪ್ರಿಲ್ 1ರಿಂದ ಬಿಎಸ್ 6 ಮಾನದಂಡ ಜಾರಿಗೆ ಬಂದಾಗ ಈ ವರ್ಗದ ಸ್ಕೂಟರುಗಳು ಕಾರ್ಬ್ಯುರೇಟರ್ ಬಿಟ್ಟು ಇಂಧನ ಇಂಜೆಕ್ಷನ್‌ಗೆ ಬಂದವು. ಎತ್ತರದ ಲೆಕ್ಕಕ್ಕೆ ಈ ನಾಲ್ಕರಲ್ಲಿ ಮುಖ್ಯವಾದದ್ದು ಕೊನೆಯ ವರ್ಷ, ಕಾರಣ 6.4ರಲ್ಲಿದೆ.

2.4. ಟರ್ಬೊ ಹಿಮವಾಹನಗಳಲ್ಲಿ ‘ಕಾರ್ಖಾನೆಯಿಂದಲೇ ಬಂದ ಮೊದಲ ಟರ್ಬೊ’ ಎಂಬ ಮಾತನ್ನು ವಿಶೇಷಣವಿಲ್ಲದೆ ಬಳಸಲಾಗದು. ನಾಲ್ಕು ಸ್ಟ್ರೋಕಿನ ಟರ್ಬೊ ಎಂಜಿನ್ ಆರ್ಕ್‌ಟಿಕ್ ಕ್ಯಾಟ್‌ನ ಟಿ660 ಟರ್ಬೊದಲ್ಲಿ 2004ರ ಮಾದರಿ ವರ್ಷಕ್ಕೇ ಇತ್ತು. ಸ್ಕೀ-ಡೂ ಸಮಿಟ್‌ನ 850 ಇ-ಟೆಕ್ ಟರ್ಬೊ ಮೊದಲನೆಯದೆನ್ನುವುದು ಎರಡು ಸ್ಟ್ರೋಕಿನ ಎಂಜಿನ್‌ಗಳ ಮಟ್ಟಿಗೆ ಮಾತ್ರ ಸರಿ. ಇದು ಪ್ರಕಟವಾದದ್ದು 2019ರಲ್ಲಿ, ಮಾದರಿ ವರ್ಷ 2020. ಪೊಲಾರಿಸ್‌ನ ಪೇಟ್ರಿಯಟ್ ಬೂಸ್ಟ್ ಪ್ರಕಟವಾದದ್ದು 2021ರಲ್ಲಿ, ಮಾದರಿ ವರ್ಷ 2022. ಹಿಮವಾಹನಗಳ ವಿಷಯದಲ್ಲಿ ಎರಡು ಮೂಲಗಳ ನಡುವೆ ಒಂದು ವರ್ಷದ ವ್ಯತ್ಯಾಸ ಕಂಡರೆ ಮೊದಲು ಈ ಕಾರಣವನ್ನು ಪರಿಶೀಲಿಸಬೇಕು.

3. ಭಾಗಗಳು ಮತ್ತು ಬಲಗಳ ಸಮತೋಲ

3.1. ಸ್ಕೂಟರಿನಲ್ಲಿ ಎಂಜಿನ್ ಕಡೆಯ ಪುಲ್ಲಿಯೇ ವೇರಿಯೇಟರ್. ಅದರೊಳಗಿನ ರೋಲರುಗಳು ವೇಗ ಏರಿದಂತೆ ಹೊರಕ್ಕೆ ಸರಿದು ಪುಲ್ಲಿಯ ಚಲಿಸುವ ಮುಖವನ್ನು ಒತ್ತುತ್ತವೆ, ಬೆಲ್ಟ್ ಮೇಲೇರುತ್ತದೆ. ಹಿಂಬದಿ ಪುಲ್ಲಿಯಲ್ಲಿ ಒಂದು ಸ್ಪ್ರಿಂಗ್ ಮತ್ತು ಒಂದು ಟಾರ್ಕ್ ಕ್ಯಾಮ್ ಸೇರಿ ಇದಕ್ಕೆ ಎದುರಾಗಿ ಬೆಲ್ಟನ್ನು ಹಿಂಡುತ್ತವೆ. ಕ್ಲಚ್ ಶೂ ಮತ್ತು ಬೆಲ್ ಇರುವುದು ಹಿಂಬದಿ ಪುಲ್ಲಿಯ ಆಚೆ. ಹೀಗಾಗಿ ಎಂಜಿನ್ ನಿಧಾನವಾಗಿ ತಿರುಗುತ್ತಿರುವಾಗಲೂ ಬೆಲ್ಟ್ ತಿರುಗುತ್ತಲೇ ಇರುತ್ತದೆ.

3.2. ಹಿಮವಾಹನದಲ್ಲಿ ಪ್ರತ್ಯೇಕ ಕ್ಲಚ್ ಶೂ ಇಲ್ಲ. ಎಂಜಿನ್ ಕಡೆಯ ಪುಲ್ಲಿಯೇ ಬೆಲ್ಟನ್ನು ಬಿಡುತ್ತದೆ, ಹಿಡಿಯುತ್ತದೆ. ರೋಲರಿನ ಸ್ಥಾನದಲ್ಲಿ ತೂಕದ ತೋಳುಗಳಿರುತ್ತವೆ. ಅವುಗಳಿಗೆ ಎದುರಾಗಿ ಆ ಪುಲ್ಲಿಯಲ್ಲೇ ಇನ್ನೊಂದು ಸ್ಪ್ರಿಂಗ್ ಇರುತ್ತದೆ. ಹಿಂಬದಿಯ ಟಾರ್ಕ್ ಕ್ಯಾಮನ್ನು ಅಲ್ಲಿ ಹೆಲಿಕ್ಸ್ ಎನ್ನುತ್ತಾರೆ. ಅದರಾಚೆ ಚೈನ್‌ಕೇಸ್ ಅಥವಾ ಹಲ್ಲಿನ ಬೆಲ್ಟ್ ಮೂಲಕ ಟ್ರ್ಯಾಕಿಗೆ ಚಾಲನೆ ಹೋಗುತ್ತದೆ. ಸ್ಕೂಟರಿನಲ್ಲಿ ಈ ಕೊನೆಯ ಕೆಲಸ ಹಿಂಚಕ್ರದ ಬಳಿಯ ಗೇರ್ ಪೆಟ್ಟಿಗೆಯದು.

3.3. ಎರಡರಲ್ಲೂ ತತ್ವ ಒಂದೇ. ರೋಲರ್ ಅಥವಾ ತೋಳಿನ ಬಲ ಅದರ ತೂಕಕ್ಕೂ ವೇಗದ ವರ್ಗಕ್ಕೂ ಅನುಪಾತದಲ್ಲಿರುತ್ತದೆ. ಎದುರುಬಲ ಬದಲಾಗದೆ ತೂಕ ಮಾತ್ರ ಶೇ. 10 ಇಳಿದರೆ, ಸಮತೋಲದ ವೇಗ 1/√0.9 ಪಟ್ಟು, ಅಂದರೆ ಸುಮಾರು ಶೇ. 5.4 ಏರುತ್ತದೆ, 7,500 ಆರ್‌ಪಿಎಂ ಇದ್ದದ್ದು ಸುಮಾರು 7,906 ಆಗುತ್ತದೆ. ರೋಲರ್ ತೂಕ ನಿರ್ಧರಿಸುವುದು ಮುಖ್ಯವಾಗಿ ಪೂರ್ಣ ಥ್ರಾಟಲ್‌ನಲ್ಲಿ ಎಂಜಿನ್ ನಿಲ್ಲುವ ವೇಗವನ್ನು. ಅನುಪಾತದ ಎರಡು ತುದಿಗಳನ್ನು ನಿರ್ಧರಿಸುವುದು ಪುಲ್ಲಿಗಳ ವ್ಯಾಸ ಮತ್ತು ಬೆಲ್ಟಿನ ಅಳತೆ.

3.4. ಎದುರುಬಲದಲ್ಲಿ ಎರಡು ಪಾಲುಗಳಿವೆ. ಸ್ಪ್ರಿಂಗಿನ ಪಾಲು ಎಂಜಿನ್ನಿನ ಟಾರ್ಕಿಗೆ ಸ್ಪಂದಿಸುವುದಿಲ್ಲ. ಕ್ಯಾಮಿನ ಪಾಲು ಟಾರ್ಕಿನ ಜೊತೆ ಏರಿಳಿಯುತ್ತದೆ. ಮುಂದಿನ ಲೆಕ್ಕವೆಲ್ಲ ಈ ವಿಭಜನೆಯ ಮೇಲೆ ನಿಂತಿದೆ.

4. ಎತ್ತರದ ನಷ್ಟ: ಒಂದು ನಿಯಮದ ಎರಡು ಓದು

4.1. ಟರ್ಬೊ ಇಲ್ಲದ ಎಂಜಿನ್ ಪ್ರತಿ 1,000 ಅಡಿಗೆ ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ ಎಂಬುದು ಹಿಮವಾಹನದ ಮಂದಿ ಸಾಮಾನ್ಯವಾಗಿ ಬಳಸುವ ನಿಯಮ. ಆದರೆ ಶೇ. 3ನ್ನು ಪ್ರತಿ ಸಲವೂ ಮೂಲಶಕ್ತಿಯಿಂದ ಕಳೆಯಬೇಕೋ, ಉಳಿದ ಶಕ್ತಿಯಿಂದ ಕಳೆಯಬೇಕೋ ಎಂಬುದನ್ನು ಆ ಮಾತು ಹೇಳುವುದಿಲ್ಲ. ಮೊದಲನೆಯದನ್ನು ಇಲ್ಲಿ ಸರಳ ಓದು, ಎರಡನೆಯದನ್ನು ಚಕ್ರ ಓದು ಎಂದು ಕರೆಯಲಾಗಿದೆ.

4.2. ಎರಡೂ ಓದುಗಳನ್ನು ಅಂತರರಾಷ್ಟ್ರೀಯ ಪ್ರಮಾಣ ವಾತಾವರಣದ ಒತ್ತಡ ಮತ್ತು ಸಾಂದ್ರತೆಗೆ ಹೋಲಿಸಿದಾಗ ಬರುವ ಅಂಕಿಗಳು ಇವು. ಸಮುದ್ರಮಟ್ಟದ ಬೆಲೆಯನ್ನು 100 ಎಂದು ಹಿಡಿಯಲಾಗಿದೆ, ಎತ್ತರಗಳು ಸ್ಥೂಲ.

ಮಡಿಕೇರಿ, 1,150 ಮೀಟರ್: ಒತ್ತಡ 87.1, ಸಾಂದ್ರತೆ 89.4, ಸರಳ ಓದು 88.7, ಚಕ್ರ ಓದು 89.1.

8,000 ಅಡಿ, 2,438 ಮೀಟರ್: ಒತ್ತಡ 74.3; ಸಾಂದ್ರತೆ 78.6, ಸರಳ ಓದು 76.0; ಚಕ್ರ ಓದು 78.4.

ಗುಲ್ಮಾರ್ಗ್, 2,650 ಮೀಟರ್: ಒತ್ತಡ 72.3, ಸಾಂದ್ರತೆ 76.9, ಸರಳ ಓದು 73.9, ಚಕ್ರ ಓದು 76.7.

ಗುಲ್ಮಾರ್ಗಿನ ಮೇಲಿನ ಅಫರ್ವತ್ ಇಳಿಜಾರು, 3,950 ಮೀಟರ್: ಒತ್ತಡ 61.2, ಸಾಂದ್ರತೆ 67.2, ಸರಳ ಓದು 61.1; ಚಕ್ರ ಓದು 67.4.

4.3. ಚಕ್ರ ಓದು ನಾಲ್ಕೂ ಎತ್ತರಗಳಲ್ಲಿ ಸಾಂದ್ರತೆಯ ಬಳಿಯೇ ಇದೆ. ಸರಳ ಓದು ಎತ್ತರ ಹೆಚ್ಚಿದಂತೆ ಸಾಂದ್ರತೆಯನ್ನು ಬಿಟ್ಟು ಒತ್ತಡದ ಕಡೆಗೆ ಸರಿಯುತ್ತದೆ, 3,950 ಮೀಟರಿನಲ್ಲಿ ಅದನ್ನು ಮುಟ್ಟುತ್ತದೆ. ಮಡಿಕೇರಿಯಲ್ಲಿ ಎರಡು ಓದುಗಳ ಅಂತರ ಅರ್ಧ ಅಂಶಕ್ಕಿಂತ ಕಡಿಮೆ, ಅಫರ್ವತ್‌ನಲ್ಲಿ ಆರು ಅಂಶಕ್ಕಿಂತ ಹೆಚ್ಚು. ಒಂದೇ ನಿಯಮವನ್ನು ಪಾಲಿಸಿದ ಇಬ್ಬರು ಬೇರೆಬೇರೆ ತೂಕಕ್ಕೆ ಬರಲು ಇದೊಂದೇ ಸಾಕಾದೀತು.

4.4. ಯಾವ ಓದು ‘ಸರಿ’ ಎಂಬುದನ್ನು ಈ ಹೋಲಿಕೆ ತೀರ್ಮಾನಿಸುವುದಿಲ್ಲ. ಎಂಜಿನ್ನಿನ ಒಳಗಿನ ಘರ್ಷಣೆ ಎತ್ತರದ ಜೊತೆ ಅದೇ ಪ್ರಮಾಣದಲ್ಲಿ ಇಳಿಯದ ಕಾರಣ ಹೊರಬರುವ ಶಕ್ತಿ ಸಾಂದ್ರತೆಗಿಂತ ಹೆಚ್ಚಾಗಿ ಕುಸಿಯುವ ಸಾಧ್ಯತೆಯಿದೆ. ಶಕ್ತಿಪರೀಕ್ಷೆಯ ಐಎಸ್‌ಒ 1585 ಮಾನಕದ ತಿದ್ದುಪಡಿ ಗುಣಾಂಕವನ್ನು 0.93ರಿಂದ 1.07ರೊಳಗೆ ಮಾತ್ರ ಒಪ್ಪಲಾಗುತ್ತದೆ. ಆ ಸೂತ್ರವನ್ನು ಮಡಿಕೇರಿಯ ಪ್ರಮಾಣ ಒತ್ತಡಕ್ಕೆ, 22 ಡಿಗ್ರಿ ಸೆಲ್ಸಿಯಸ್ ತಾಪಕ್ಕೆ, ತೇವಾಂಶ ಬಿಟ್ಟು ಹಚ್ಚಿದರೆ ಗುಣಾಂಕ ಸುಮಾರು 1.14 ಬರುತ್ತದೆ. ಎಂದರೆ ಮಡಿಕೇರಿಯೇ ಮಾನಕದ ಮಿತಿಯಿಂದ ಹೊರಗೆ. ಗುಲ್ಮಾರ್ಗಿನ ಮಾತು ದೂರ. ಇಂಥ ಎತ್ತರಗಳಿಗೆ ಯಾವುದೇ ಒಂದು ಸೂತ್ರದ ಅಂಕಿಯನ್ನು ಅಂತಿಮವೆಂದು ಮುಂದಿಡುವುದು ಸರಿಯಲ್ಲ. ಆದ್ದರಿಂದ ಮುಂದೆ ಒತ್ತಡ ಮತ್ತು ಸಾಂದ್ರತೆ ಎರಡನ್ನೂ ಇಟ್ಟುಕೊಂಡು ಲೆಕ್ಕಮಾಡಲಾಗಿದೆ.

5. ತೂಕದ ಲೆಕ್ಕ

5.1. ಎಂಜಿನ್ ವೇಗವನ್ನು ಮೊದಲಿನಂತೆಯೇ ಉಳಿಸಿಕೊಳ್ಳಬೇಕೆಂದರೆ:

ಬೇಕಾದ ತೂಕದ ಅನುಪಾತ = ಸ್ಪ್ರಿಂಗ್ ಪಾಲು + (1 − ಸ್ಪ್ರಿಂಗ್ ಪಾಲು) × ಟಾರ್ಕ್ ಅನುಪಾತ

ಇದು ಒಂದೇ ವೇಗ, ಒಂದೇ ಬೆಲ್ಟ್ ಸ್ಥಾನ, ಪೂರ್ಣ ಥ್ರಾಟಲ್ ಎಂಬ ಮೂರು ಷರತ್ತುಗಳೊಳಗೆ ಸಲ್ಲುವ ಸರಳ ಮಾದರಿ. ಎರಡು ಪುಲ್ಲಿಗಳ ಬಲಗಳ ನಡುವಿನ ಸಂಬಂಧವೂ ಹೊರೆಯ ಜೊತೆ ಸ್ವಲ್ಪ ಬದಲಾಗುತ್ತದೆ; ಅದನ್ನು ಇಲ್ಲಿ ಕೈಬಿಡಲಾಗಿದೆ.

5.2. ಸ್ಪ್ರಿಂಗ್ ಪಾಲು ಸೊನ್ನೆಯಾಗಿದ್ದರೆ ಮಾತ್ರ ಶಕ್ತಿ ಎಷ್ಟು ಪ್ರತಿಶತ ಇಳಿಯಿತೋ ಅಷ್ಟೇ ಪ್ರತಿಶತ ತೂಕ ಇಳಿಸಬೇಕಾಗುತ್ತದೆ. ಬಳಕೆಯಲ್ಲಿರುವ ಯಾವ ಹಿಂಬದಿ ಪುಲ್ಲಿಯೂ ಸ್ಪ್ರಿಂಗಿಲ್ಲದೆ ಇರುವುದಿಲ್ಲ. ಆದ್ದರಿಂದ, ಈ ಮಾದರಿಯ ಮಿತಿಯೊಳಗೆ, ತೂಕವನ್ನು ಇಳಿಸಬೇಕಾದ ಪ್ರಮಾಣ ಶಕ್ತಿ ಇಳಿದ ಪ್ರಮಾಣಕ್ಕಿಂತ ಯಾವಾಗಲೂ ಕಡಿಮೆ. ಈ ಟಿಪ್ಪಣಿ ಖಚಿತವಾಗಿ ಹೇಳಬಯಸುವ ಮಾತು ಇದೇ.

5.3. ಗುಲ್ಮಾರ್ಗಿನ ಎತ್ತರದಲ್ಲಿ ಟರ್ಬೊ ಇಲ್ಲದ ಹಿಮವಾಹನವೊಂದಕ್ಕೆ ಸಮುದ್ರಮಟ್ಟದ ತೂಕವನ್ನೇ ಉಳಿಸಿದರೆ ಏನಾದೀತು ಎಂಬುದನ್ನು ಇದೇ ಮಾದರಿಯಿಂದ ನೋಡಬಹುದು. ಗುರಿಯ ವೇಗ 8,000 ಆರ್‌ಪಿಎಂ, ಸ್ಪ್ರಿಂಗ್ ಪಾಲು 0.5 ಎಂಬ ಊಹೆಗೆ ವೇಗ ಸುಮಾರು 7,420ರಿಂದ 7,530ರ ನಡುವೆ ನಿಲ್ಲುತ್ತದೆ, ಪಾಲು 0.3 ಎಂದರೆ 7,180ರಿಂದ 7,330. ಅಂದರೆ ಕುಸಿತ ಸುಮಾರು 470ರಿಂದ 820.

5.4. ಇದನ್ನು ಸ್ವತಂತ್ರವಾದ ಒಂದು ಅಂಕಿಯ ಪಕ್ಕದಲ್ಲಿಡಬಹುದು. ಸ್ಕೀ-ಡೂ ವಾಹನಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟಿಆರ್‌ಎ ಎಂಬ ಎಂಜಿನ್ ಕಡೆಯ ಪುಲ್ಲಿಯಲ್ಲಿ ಹೊರಗಿನಿಂದಲೇ ತಿರುಗಿಸಬಹುದಾದ ತಿರುಪುಗಳಿವೆ. ಅವುಗಳಲ್ಲಿ 1ರಿಂದ 6ರವರೆಗೆ ಆರು ಸ್ಥಾನಗಳು. ಒಂದೊಂದು ಸ್ಥಾನದ ಬದಲಾವಣೆಗೆ ಸುಮಾರು 200 ಆರ್‌ಪಿಎಂ ವ್ಯತ್ಯಾಸ. ಐದು ಹೆಜ್ಜೆಗಳ ಒಟ್ಟು ಹರವು ಸುಮಾರು 1,000. 5.3ರ ಕುಸಿತ ಇದರಲ್ಲಿ ಎರಡರಿಂದ ನಾಲ್ಕು ಹೆಜ್ಜೆಗಳಷ್ಟಾಗುತ್ತದೆ. ಆ ತಿರುಪು ತೂಕವನ್ನಲ್ಲ, ಇಳಿಜಾರು ಮುಖದ ಸ್ಥಾನವನ್ನು ಬದಲಿಸುತ್ತದಾದ್ದರಿಂದ ಇದು ಪುರಾವೆಯಲ್ಲ. ಆದರೂ ಲೆಕ್ಕ ವಾಸ್ತವದಿಂದ ತೀರಾ ದೂರ ಹೋಗಿಲ್ಲ ಎನ್ನಲು ಆಧಾರವಾಗಬಹುದು.

6. ವಡಾಲದಿಂದ ಮಡಿಕೇರಿಗೆ

6.1. ಆರು ರೋಲರುಗಳು, ಒಂದೊಂದು 15 ಗ್ರಾಂ, ಒಟ್ಟು 90 ಗ್ರಾಂ ಎಂಬ ಊಹೆಯ ಜೋಡಣೆಯನ್ನು ತೆಗೆದುಕೊಳ್ಳೋಣ. ಸಾಂದ್ರತೆಯನ್ನು ಆಧಾರವಾಗಿಟ್ಟರೆ ಮಡಿಕೇರಿಗೆ ಬೇಕಾದ ಒಟ್ಟು ತೂಕ: ಸ್ಪ್ರಿಂಗ್ ಪಾಲು 0.5 ಎಂದರೆ 85.2 ಗ್ರಾಂ, 0.3 ಎಂದರೆ 83.3, ಸೊನ್ನೆ ಎಂದರೆ 80.5. ಒತ್ತಡವನ್ನು ಆಧಾರವಾಗಿಟ್ಟರೆ ಕ್ರಮವಾಗಿ 84.2, 81.9 ಮತ್ತು 78.4.

6.2. ಈ ಆರು ಉತ್ತರಗಳ ನಡುವಿನ ಅಂತರ ಒಟ್ಟು 6.8 ಗ್ರಾಂ, ಅಂದರೆ ರೋಲರಿಗೆ ಒಂದು ಗ್ರಾಂಗಿಂತ ತುಸು ಹೆಚ್ಚು. ಅರ್ಧ ಗ್ರಾಂ ಅಂತರದಲ್ಲಿ ರೋಲರ್ ಕೊಳ್ಳುವವರಿಗೆ ಇದು ಎರಡು ಹೆಜ್ಜೆಯ ಪ್ರಶ್ನೆ. 85.2 ಗ್ರಾಂ ಸರಿಯಾಗಿರುವಲ್ಲಿ 78.4 ಹಾಕಿದರೆ ಎಂಜಿನ್ ಸುಮಾರು ಶೇ. 4ರಷ್ಟು ಹೆಚ್ಚು ವೇಗದಲ್ಲಿ ನಿಲ್ಲುತ್ತದೆ. ಸದ್ದು ಏರುತ್ತದೆ, ಇಂಧನ ಹೆಚ್ಚು ಹೋಗುವ ಸಂಭವವಿದೆ, ಪಿಕಪ್ ಅಷ್ಟೇನೂ ಸುಧಾರಿಸದು.

6.3. ಏನನ್ನೂ ಬದಲಿಸದೆ 90 ಗ್ರಾಂ ಉಳಿಸಿದರೆ, ಸಾಂದ್ರತೆ ಮತ್ತು 0.5 ಪಾಲಿನ ಊಹೆಗೆ, ವೇಗ ಇಳಿಯುವುದು ಶೇ. 2.7ರಷ್ಟು ಮಾತ್ರ: 7,500 ಇದ್ದದ್ದು ಸುಮಾರು 7,300. ಸವೆದ ಬೆಲ್ಟ್ ಅಥವಾ ಚಪ್ಪಟೆಯಾದ ರೋಲರಿನಿಂದ ಬರುವ ವ್ಯತ್ಯಾಸವೂ ಇದೇ ಪ್ರಮಾಣದ್ದಾಗಿರಬಹುದು. ಆದ್ದರಿಂದ ಊರಿಗೆ ಬಂದ ಸ್ಕೂಟರ್ ಮಡಿಕೇರಿಯ ಏರಿನಲ್ಲಿ ಸೊರಗಿದರೆ ಅದನ್ನು ಎತ್ತರಕ್ಕೆ ಕಟ್ಟುವ ಮೊದಲು ಸವೆತವನ್ನು ಅಳೆಯುವುದು ಕ್ರಮ.

6.4. ಎರಡು ಎಚ್ಚರಿಕೆಗಳು. ಒಂದು: ಪ್ರಮಾಣ ವಾತಾವರಣ ಸಮುದ್ರಮಟ್ಟದಲ್ಲಿ 15 ಡಿಗ್ರಿ ಎಂದು ಹಿಡಿಯುತ್ತದೆ, ವಡಾಲದ ಗಾಳಿ ಬಹುಪಾಲು ಅದಕ್ಕಿಂತ ಬಿಸಿ. 30 ಡಿಗ್ರಿಯಲ್ಲಿ ಸಾಂದ್ರತೆ ಪ್ರಮಾಣಕ್ಕಿಂತ ಸುಮಾರು ಶೇ. 5 ಕಡಿಮೆ. ಅಲ್ಲಿ 30 ಡಿಗ್ರಿ, ಮಡಿಕೇರಿಯಲ್ಲಿ 22 ಡಿಗ್ರಿ ಎಂದು ಹಿಡಿದು ಮತ್ತೆ ಲೆಕ್ಕಮಾಡಿದರೆ ಸಾಂದ್ರತೆಯ ಅನುಪಾತ 89.5 ಬರುತ್ತದೆ. ಇದು 4.2ರ 89.4ಕ್ಕೆ ಬಹುತೇಕ ಸಮವಾಗಿರುವುದು ಆಯ್ದುಕೊಂಡ ತಾಪಗಳಿಂದಾದ ಕಾಕತಾಳೀಯ. ಬೇರೆ ಋತುವಿನಲ್ಲಿ ಸಮವಾಗಬೇಕೆಂದಿಲ್ಲ. ಎರಡು: 2020ಕ್ಕೆ ಮುಂಚಿನ ಕಾರ್ಬ್ಯುರೇಟರ್ ಸ್ಕೂಟರಿನಲ್ಲಿ ಎತ್ತರ ಏರಿದಂತೆ ಗಾಳಿಗೆ ಹೋಲಿಸಿದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಅಲ್ಲಿನ ಶಕ್ತಿನಷ್ಟ ಗಾಳಿಯ ಲೆಕ್ಕಕ್ಕಿಂತ ಮಿಗಿಲಾಗಿರುವ ಸಾಧ್ಯತೆಯಿರುವುದರಿಂದ ರೋಲರಿಗೆ ಮೊದಲು ಜೆಟ್ ನೋಡಬೇಕು. ಇಂಧನ ಇಂಜೆಕ್ಷನ್ ಸ್ಕೂಟರಿನಲ್ಲಿ ಈ ತೊಡಕು ಬಹಳ ಮಟ್ಟಿಗೆ ಇಲ್ಲ.

7. ಟರ್ಬೊ ಬಂದಾಗ

7.1. ಟರ್ಬೊ ಎಂಜಿನ್ ಎತ್ತರದಲ್ಲೂ ಟಾರ್ಕನ್ನು ಉಳಿಸಿಕೊಂಡರೆ 5.1ರ ಟಾರ್ಕ್ ಅನುಪಾತ 1 ಆಗುತ್ತದೆ, ತೂಕದ ತಿದ್ದುಪಡಿಯೇ ಬೇಕಾಗುವುದಿಲ್ಲ. 850 ಇ-ಟೆಕ್ ಟರ್ಬೊ 165 ಅಶ್ವಶಕ್ತಿಯನ್ನು 8,000 ಅಡಿಯವರೆಗೆ ಉಳಿಸಿಕೊಳ್ಳುತ್ತದೆ ಎಂಬುದು ತಯಾರಕರ ಹೇಳಿಕೆ. ಹಾಗಿದ್ದರೆ ಆ ಎತ್ತರದ ಒಳಗೆ ಎತ್ತರದ ಪಟ್ಟಿ ನೋಡಿ ತೂಕ ಬದಲಿಸುವುದಕ್ಕೆ ಆಧಾರ ಕಾಣುವುದಿಲ್ಲ.

7.2. ಆ ಮಿತಿಯ ಮೇಲೆ ಏನು? ಟರ್ಬೊದ ಒತ್ತಡ ಅನುಪಾತ 8,000 ಅಡಿಯಲ್ಲಿ ತಲುಪಿದ ಸುಮಾರು 1.35ರಲ್ಲೇ ನಿಲ್ಲುತ್ತದೆ ಎಂದು ಊಹಿಸಿದರೆ, 3,950 ಮೀಟರಿನಲ್ಲಿ ಎಂಜಿನ್ನಿಗೆ ಸಿಗುವ ಒತ್ತಡ ಸುಮಾರು 835 ಹೆಕ್ಟೊಪ್ಯಾಸ್ಕಲ್, ಸಮುದ್ರಮಟ್ಟದ ಶೇ. 82. ಟರ್ಬೊ ಇಲ್ಲದಿದ್ದರೆ ಅದು ಶೇ. 61. ಎಂದರೆ ಅಲ್ಲಿ ತಿದ್ದುಪಡಿ ಮತ್ತೆ ಬೇಕಾಗುತ್ತದೆ, ಆದರೆ ಸುಮಾರು ಅರ್ಧದಷ್ಟು.

7.3. ‘ಬೂಸ್ಟ್’ ಅಂಕಿಯಲ್ಲಿ ಗೊಂದಲಕ್ಕೆ ಎಡೆಯಿದೆ. ಮೀಟರ್ ತೋರಿಸುವುದು ಸುತ್ತಲಿನ ಗಾಳಿಗಿಂತ ಎಷ್ಟು ಹೆಚ್ಚು ಎಂಬುದನ್ನೋ, ನಿರಪೇಕ್ಷ ಒತ್ತಡವನ್ನೋ ಎಂಬುದು ಸ್ಪಷ್ಟವಾಗಿರಬೇಕು. ಸಮುದ್ರಮಟ್ಟದ ಒತ್ತಡವನ್ನು ಮರಳಿ ಪಡೆಯಲು 2,438 ಮೀಟರಿನಲ್ಲಿ 3.8 ಪಿಎಸ್‌ಐ, ಗುಲ್ಮಾರ್ಗಿನಲ್ಲಿ 4.1, 3,950 ಮೀಟರಿನಲ್ಲಿ 5.7 ಪಿಎಸ್‌ಐ ಬೂಸ್ಟ್ ಬೇಕು. ಇಬ್ಬರು ಒಂದೇ ‘5 ಪಿಎಸ್‌ಐ’ ಎಂದು ಬರೆದರೂ ಎತ್ತರ ಬೇರೆಯಾದರೆ ಎಂಜಿನ್ನಿನ ಟಾರ್ಕ್ ಬೇರೆ, ಬೇಕಾದ ತೂಕವೂ ಬೇರೆ.

7.4. ಒತ್ತಡ ಮರಳಿದರೆ ಸಾಂದ್ರತೆಯೂ ಮರಳಿತೆಂದು ಅರ್ಥವಲ್ಲ. ಒತ್ತುವಾಗ ಗಾಳಿ ಬಿಸಿಯಾಗುತ್ತದೆ. ಗುಲ್ಮಾರ್ಗಿನ ಎತ್ತರದಲ್ಲಿ 1.38ರ ಅನುಪಾತಕ್ಕೆ, ಸಂಪೀಡಕದ ದಕ್ಷತೆ ಶೇ. 65 ಎಂಬ ಊಹೆಯಲ್ಲಿ, ತಾಪ ಸುಮಾರು 40 ಡಿಗ್ರಿ ಏರುತ್ತದೆ. ಇಂಟರ್‌ಕೂಲರ್ ಇಲ್ಲದಿದ್ದರೆ ಸಾಂದ್ರತೆ ಸಮುದ್ರಮಟ್ಟದ ಶೇ. 93ರ ಹತ್ತಿರ ನಿಲ್ಲುತ್ತದೆ.

7.5. ಟರ್ಬೊ ಜೋಡಣೆಯ ನಿಜವಾದ ತೊಡಕು ಎತ್ತರದ್ದಲ್ಲ, ಕ್ಷಣದ್ದು. ಪೂರ್ಣ ಬೂಸ್ಟಿನ ಟಾರ್ಕಿಗೆ ಹೊಂದುವ ಭಾರದ ತೋಳುಗಳು, ಬೂಸ್ಟ್ ಇನ್ನೂ ಏರದ ಹೊತ್ತಿನಲ್ಲಿ ಎಂಜಿನ್ನಿಗೆ ಮಿಗಿಲಾಗುತ್ತವೆ. ಅವು ಬೆಲ್ಟನ್ನು ಬೇಗ ಮೇಲೇರಿಸಿ ಎಂಜಿನ್ ವೇಗವನ್ನು ಕೆಳಗೇ ಹಿಡಿದಿಡುತ್ತವೆ. ವೇಗ ಏರದೆ ಟರ್ಬೊ ಎಚ್ಚರಗೊಳ್ಳುವುದಿಲ್ಲ. ಹಗುರ ತೋಳು ಹಾಕಿದರೆ ಆರಂಭ ಸುಧಾರಿಸುತ್ತದೆ, ಬೂಸ್ಟ್ ಪೂರ್ಣವಾದಾಗ ವೇಗ ಗುರಿಯನ್ನು ಮೀರುತ್ತದೆ. ತೂಕವೊಂದರಿಂದ ಎರಡು ತುದಿಗಳನ್ನೂ ಸರಿಪಡಿಸಲಾಗದು. ತೋಳಿನ ಬುಡ ಮತ್ತು ತುದಿಯ ನಡುವೆ ತೂಕದ ಹಂಚಿಕೆ, ಎಂಜಿನ್ ಕಡೆಯ ಸ್ಪ್ರಿಂಗಿನ ಆರಂಭದ ಬಲ, ಹೆಲಿಕ್ಸಿನ ಕೋನ ಈ ಮೂರನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

7.6. ಟಾರ್ಕಿಗೆ ನೇರವಾಗಿ ಸ್ಪಂದಿಸುವುದು ಹೆಲಿಕ್ಸ್ ಮಾತ್ರ. ಅದರ ಹಿಂಡುಬಲ ಕೋನದ ಟ್ಯಾಂಜೆಂಟಿಗೆ ವಿಲೋಮವಾಗಿರುತ್ತದೆ. 44 ಡಿಗ್ರಿಯ ಹೆಲಿಕ್ಸ್ ತೆಗೆದು 40 ಡಿಗ್ರಿಯದನ್ನು ಹಾಕಿದರೆ ಅದೇ ಟಾರ್ಕಿಗೆ ಹಿಂಡುಬಲ ಸುಮಾರು ಶೇ. 15 ಹೆಚ್ಚುತ್ತದೆ: ಅನುಪಾತ ನಿಧಾನವಾಗಿ ಏರುತ್ತದೆ, ಹೊರೆ ಬಿದ್ದಾಗ ಬೇಗ ಮರಳುತ್ತದೆ. ಈ ಕೋನವನ್ನು ತಿರುಗುವ ಸಮತಲದಿಂದ ಅಳೆಯಲಾಗಿದೆ ಎಂದು ಇಲ್ಲಿ ಹಿಡಿಯಲಾಗಿದೆ. ಅಕ್ಷದಿಂದ ಅಳೆದರೆ ಇದೇ ಭಾಗಗಳು 46 ಮತ್ತು 50 ಡಿಗ್ರಿ ಎನ್ನಿಸಿಕೊಳ್ಳುತ್ತವೆ, ದೊಡ್ಡ ಅಂಕಿಯ ಪರಿಣಾಮ ತಿರುಗುಮುರುಗಾಗುತ್ತದೆ.

8. ಕೊನೆಯ ಗೇರಿಂಗ್

8.1. ಚೈನ್‌ಕೇಸಿನಲ್ಲಿ ಮೇಲಿನ ಹಲ್ಲುಚಕ್ರ 21, ಕೆಳಗಿನದು 49 ಎಂದರೆ ಅನುಪಾತ 2.33; ಮೇಲಿನದನ್ನು 19 ಮಾಡಿದರೆ 2.58. ಇದು ಶೇ. 10.5ರಷ್ಟು ಗಿಡ್ಡ ಗೇರಿಂಗ್. ಈ ಹಲ್ಲುಗಳ ಸಂಖ್ಯೆ ಲೆಕ್ಕಕ್ಕಾಗಿ ಮಾತ್ರ. ಯಾವ ಮಾದರಿಗೂ ಸಂಬಂಧಿಸಿದ್ದಲ್ಲ.

8.2. ಗೇರಿಂಗ್ ಬದಲಿಸಿದರೆ ತೂಕವನ್ನು ಮುಟ್ಟಬೇಕಿಲ್ಲ ಎಂಬ ಮಾತು ಪೂರ್ತಿ ಸರಿಯೆನಿಸುವುದಿಲ್ಲ. ಅದೇ ವಾಹನವೇಗ, ಅದೇ ಎಂಜಿನ್ ವೇಗ, ಅದೇ ಶಕ್ತಿ ಇರುವಾಗ ಗಿಡ್ಡ ಗೇರಿಂಗಿನಲ್ಲಿ ಹಿಂಬದಿ ಪುಲ್ಲಿ ಶೇ. 10.5 ಹೆಚ್ಚು ವೇಗದಲ್ಲಿ ತಿರುಗುತ್ತದೆ. ಅದರ ಮೂಲಕ ಹೋಗುವ ಟಾರ್ಕ್ ಸುಮಾರು ಶೇ. 9.5 ಇಳಿಯುತ್ತದೆ, ಹೆಲಿಕ್ಸಿನ ಹಿಂಡುಬಲವೂ ಅಷ್ಟೇ ಇಳಿಯುತ್ತದೆ. ಬೆಲ್ಟಿನ ಸ್ಥಾನವೂ ಬದಲಾಗುವುದರಿಂದ ಒಟ್ಟು ಪರಿಣಾಮವನ್ನು ಈ ಮಾದರಿಯಿಂದ ಹೇಳಲಾಗದು. ಗೇರಿಂಗಿನ ನಂತರ ಎಂಜಿನ್ ವೇಗವನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು ಎಂಬಷ್ಟನ್ನು ಮಾತ್ರ ಹೇಳಬಹುದು.

8.3. ಮೂರು ಅಂಗುಲ ಎತ್ತರದ ಪಟ್ಟಿಗಳಿರುವ ಉದ್ದ ಟ್ರ್ಯಾಕಿನ ಪರ್ವತ ಹಿಮವಾಹನಕ್ಕೆ ಗಿಡ್ಡ ಗೇರಿಂಗ್ ಕೊಡುವ ಕಾರಣ ಹೊರಡುವಾಗಿನ ಬೆಲ್ಟ್ ಜಾರಿಕೆಯನ್ನು ತಗ್ಗಿಸುವುದು. ಸ್ಕೂಟರಿನ ಗೇರ್ ಪೆಟ್ಟಿಗೆಗೂ ಘಾಟಿಯ ಏರಿನಲ್ಲಿ ಇದೇ ತರ್ಕ ಸಲ್ಲುತ್ತದೆ.

9. ಅಳತೆಯ ಮೂಲಗಳು

9.1. ರೋಲರ್. ಆರನ್ನೂ ಒಟ್ಟಿಗೆ ತೂಗಿದರೆ ಸಾಲದು, ಒಂದೊಂದಾಗಿ 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಬೇಕು. ಓಡಿದ ರೋಲರನ್ನು ಬೆರಳುಗಳ ನಡುವೆ ಹೊರಳಿಸಿದರೆ ಚಪ್ಪಟೆಯಾದ ಪಟ್ಟೆ ಒಂದೆಡೆ ತಡೆಯುತ್ತದೆ. ಸವೆತದಿಂದ ಕಳೆದ ತೂಕ ಅತ್ಯಲ್ಪವಿರಬಹುದು. ಆದರೆ ಚಪ್ಪಟೆ ಮುಖದ ಮೇಲೆ ರೋಲರ್ ಉರುಳದೆ ಜಾರುತ್ತದೆ, ಕೆಲವೊಮ್ಮೆ ಕಚ್ಚಿ ನಿಲ್ಲುತ್ತದೆ. ಇದು ತಕ್ಕಡಿಯಲ್ಲಿ ಕಾಣದ ದೋಷ.

9.2. ಬೆಲ್ಟ್. ಅಗಲ 1 ಮಿಲಿಮೀಟರ್ ಸವೆದರೆ, ಪುಲ್ಲಿಯ ಒಟ್ಟು ಕೋನ 28 ಡಿಗ್ರಿ ಎಂಬ ಊಹೆಯಲ್ಲಿ, ಬೆಲ್ಟ್ ಸುಮಾರು 2 ಮಿಲಿಮೀಟರ್ ಒಳಗೆ ಇಳಿಯುತ್ತದೆ. 30 ಡಿಗ್ರಿ ಎಂದರೆ 1.9. ಹಳೆಯ ಬೆಲ್ಟಿನಲ್ಲಿ ತೂಕ ಹೊಂದಿಸಿ ಆಮೇಲೆ ಹೊಸ ಬೆಲ್ಟ್ ಹಾಕಿದರೆ ಹೊಂದಾಣಿಕೆ ಉಳಿಯುವುದೆಂಬ ಭರವಸೆಯಿಲ್ಲ.

9.3. ಗೆರೆ ಪರೀಕ್ಷೆ. ವೇರಿಯೇಟರ್ ಪುಲ್ಲಿಯ ಮುಖದ ಮೇಲೆ ಒಳಗಿನಿಂದ ಅಂಚಿನವರೆಗೆ ಮಾರ್ಕರಿನಿಂದ ನೇರ ಗೆರೆ ಎಳೆದು, ವಾಹನವನ್ನು ಪೂರ್ಣ ಥ್ರಾಟಲಿನಲ್ಲಿ ಓಡಿಸಿ ಬಿಚ್ಚಿ ನೋಡಿದರೆ, ಬೆಲ್ಟ್ ಏರಿದಷ್ಟು ಭಾಗದ ಗೆರೆ ಅಳಿಸಿಹೋಗಿರುತ್ತದೆ. ಅಂಚಿನ ಬಳಿ ಗೆರೆ ಉಳಿದಿದ್ದರೆ ಅನುಪಾತ ತುದಿ ಮುಟ್ಟಿಲ್ಲ. ಕಾರಣ ತೂಕವೋ, ಶಕ್ತಿಯೋ, ಬೆಲ್ಟೋ ಎಂಬುದನ್ನು ಈ ಪರೀಕ್ಷೆ ಬೇರ್ಪಡಿಸುವುದಿಲ್ಲ. ಅಗ್ಗದ, ಆದರೂ ಭರವಸೆಯ ಪರೀಕ್ಷೆಯಾದ್ದರಿಂದ ಇದನ್ನು ತೂಕದ ಲೆಕ್ಕಕ್ಕೆ ಮೊದಲೂ ನಂತರವೂ ಮಾಡುವುದು ಒಳ್ಳೆಯದು.

10. ಕಾನೂನಿನ ಅಂಚು

ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮು ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ತಿದ್ದುಪಡಿ ಸೇರಿಸಿದ 182ಎ ಕಲಮಿನಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ಹೇಳಲಾಗಿದೆ. ರೋಲರ್ ತೂಕ ನೋಂದಣಿ ಪತ್ರದಲ್ಲಿ ನಮೂದಾಗುವ ವಿವರವಲ್ಲ. ಎಂಜಿನ್ ಸಾಮರ್ಥ್ಯ ನಮೂದಾಗುವ ವಿವರ. ಈ ಆಧಾರದ ಮೇಲೆ ರೋಲರ್ ಬದಲಾವಣೆಯನ್ನೂ ರಸ್ತೆ ವಾಹನಕ್ಕೆ ಟರ್ಬೊ ಕೂರಿಸುವುದನ್ನೂ ಒಂದೇ ತೂಕದಲ್ಲಿ ಅಳೆಯಲಾಗದು ಎನಿಸುತ್ತದೆ. ಆದರೆ ತೀರ್ಮಾನ ನೋಂದಣಿ ಪ್ರಾಧಿಕಾರದ್ದು. ವಾಹನವನ್ನು ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟರೆ 47ನೆಯ ಕಲಮಿನಂತೆ ಹೊಸ ನೋಂದಣಿ ಗುರುತು ಪಡೆಯಬೇಕು. ವಡಾಲದಿಂದ ಕೊಡಗಿಗೆ ಹೋದ ಸ್ಕೂಟರಿಗೂ ಇದು ಅನ್ವಯ.

11. ತಾತ್ಕಾಲಿಕ ನಿರ್ಣಯಗಳು

11.1. ಸ್ಪ್ರಿಂಗ್ ಮತ್ತು ಟಾರ್ಕ್ ಕ್ಯಾಮ್ ಎರಡೂ ಇರುವ ಬೆಲ್ಟ್ ಚಾಲನೆಯಲ್ಲಿ ಎತ್ತರಕ್ಕಾಗಿ ತೂಕ ಇಳಿಸಬೇಕಾದ ಪ್ರಮಾಣ ಶಕ್ತಿನಷ್ಟದ ಪ್ರಮಾಣಕ್ಕಿಂತ ಕಡಿಮೆ. ಇದರ ದಿಕ್ಕು ಖಚಿತ. ಪರಿಮಾಣ ಸ್ಪ್ರಿಂಗ್ ಪಾಲನ್ನು ಅವಲಂಬಿಸಿದೆ.

11.2. ‘1,000 ಅಡಿಗೆ ಶೇ. 3’ ಎಂಬ ನಿಯಮ ಮಡಿಕೇರಿಯ ಎತ್ತರಕ್ಕೆ ಹೇಗೆ ಓದಿದರೂ ನಡೆಯುತ್ತದೆ. 2,500 ಮೀಟರಿನ ಆಚೆ ಯಾವ ಓದು ಎಂದು ಹೇಳದೆ ಬಳಸಬಾರದು.

11.3. ಟರ್ಬೊ ವಾಹನದಲ್ಲಿ ತಯಾರಕರ ಎತ್ತರಮಿತಿಯೊಳಗೆ ತೂಕದ ಪ್ರಶ್ನೆ ಎತ್ತರದಿಂದ ಬೂಸ್ಟಿನ ನಿರಪೇಕ್ಷ ಬೆಲೆಗೆ ಮತ್ತು ಅದು ಏರುವ ಕಾಲಕ್ಕೆ ಸ್ಥಳಾಂತರವಾಗುತ್ತದೆ.

11.4. ಸ್ಪ್ರಿಂಗ್ ಪಾಲನ್ನು ಊಹಿಸುವ ಬದಲು ಅಳೆಯಬಹುದು. ಕೆಲಸದ ಉದ್ದಕ್ಕೆ ಸ್ಪ್ರಿಂಗನ್ನು ಒತ್ತಿ ಅದರ ಬಲವನ್ನು ತಕ್ಕಡಿಯಲ್ಲಿ ಓದಬೇಕು. ಕ್ಯಾಮಿನ ಕೋನ ಮತ್ತು ತ್ರಿಜ್ಯದಿಂದ ಟಾರ್ಕಿನ ಪಾಲನ್ನು ಲೆಕ್ಕಹಾಕಬೇಕು. ಅನಂತರ ಒಂದೊಂದು ಬದಲಾವಣೆಯ ಎದುರಿಗೂ ದಿನಾಂಕ, ಎತ್ತರ, ಅಂದಿನ ಒತ್ತಡ ಮತ್ತು ತಾಪ, ಪ್ರತಿ ರೋಲರಿನ ತೂಕ 0.1 ಗ್ರಾಂಗೆ, ಬೆಲ್ಟಿನ ಅಗಲ 0.1 ಮಿಲಿಮೀಟರಿಗೆ, ಪೂರ್ಣ ಥ್ರಾಟಲಿನ ಸ್ಥಿರ ವೇಗ ಇಷ್ಟನ್ನು ಬರೆದಿಡಬೇಕು. ಘಾಟಿಯ ನಡುವೆಯಾಗಲಿ, ಹಿಮದ ಇಳಿಜಾರಿನ ಮೇಲಾಗಲಿ ಬೆಲ್ಟ್ ಹರಿದರೆ ತೊಂದರೆಗೆ ಸಿಕ್ಕುವುದು ವಾಹನದ ಮೇಲಿರುವ ಮನುಷ್ಯ. ಆ ಕಾರಣಕ್ಕಾಗಿಯೇ ಈ ಏಳು ಅಂಕಿಗಳನ್ನು ಬರೆದಿಡುವ ಶ್ರಮ ಯೋಗ್ಯವಾದದ್ದು. ಹೀಗೆ ಬರೆದ ದಾಖಲೆಗಳು ಕೆಲವಾದರೂ ಒಟ್ಟಾದರೆ 5.1ರ ಮಾದರಿಯನ್ನು ಉಳಿಸಬಹುದೋ ಕೈಬಿಡಬೇಕೋ ಎಂಬುದು ತೀರ್ಮಾನವಾದೀತು.